ಊಟಕ್ಕೋ, ವೋಟಿಗೋ?

ನಮ್ಮೂರಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿದರೆ ಯಾರೂ ಥಟ್ಟನೆ ಹೇಳುವುದಿಲ್ಲ. ಕೇಳಿದವರ ಮುಖ ನೋಡುತ್ತಾರೆ, ಕೈಯಲ್ಲಿ ಕಾಗದಪತ್ರ ಏನಾದರೂ ಇದೆಯೇ ಎಂದು ನೋಡುತ್ತಾರೆ, ಕೊಡುವುದಕ್ಕೆ ಬಂದವರೋ ಕಿತ್ತುಕೊಳ್ಳುವುದಕ್ಕೆ ಬಂದವರೋ ಎಂದು ಅಂದಾಜು ಹಾಕುತ್ತಾರೆ. ಆಮೇಲೆ ಒಂದು ಮರುಪ್ರಶ್ನೆ. 2011ರ ಫೆಬ್ರುವರಿಯಲ್ಲಿ, ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ತಪ್ಪಿಗೆ, ಜನಗಣತಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಾನು ಮೊದಲನೇ ಮನೆಯ ಜಗಲಿ ಹತ್ತಿದೆ. ಯಜಮಾನರು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತ ಕೂತಿದ್ದರು. "ಮನೇಲಿ ಎಷ್ಟು ಜನ ಗೌಡ್ರೇ?" ಎಂದೆ. ಹೊಸೆಯುವ ಕೈ ನಿಲ್ಲಿಸದೆ ಅವರು ಕೇಳಿದರು: "ಊಟಕ್ಕೋ, ವೋಟಿಗೋ ಮೇಷ್ಟ್ರೇ?"

ಪ್ರಶ್ನೆ ನ್ಯಾಯವಾದದ್ದೇ. ಆ ಮನೆಯಲ್ಲಿ ಊಟಕ್ಕೆ ಐದು ಜನ. ವೋಟಿಗೆ ಒಂಬತ್ತು, ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸಕ್ಕಿರುವ ಗಂಡುಮಕ್ಕಳಿಬ್ಬರೂ ಸೊಸೆಯರಿಬ್ಬರೂ ಹೆಸರನ್ನು ಮಾತ್ರ ಊರಲ್ಲೇ ಬಿಟ್ಟು ಹೋಗಿದ್ದರು. ರೇಷನ್ನಿಗೆ ಏಳು, ಅದರಲ್ಲಿ ಒಬ್ಬರು ತೀರಿಕೊಂಡು ಮೂರು ವರ್ಷವಾಗಿತ್ತು. ಮಾರಿಹಬ್ಬಕ್ಕೆ ಎಷ್ಟು ಎಂಬುದಕ್ಕೆ ಲೆಕ್ಕವೇ ಇಲ್ಲ, ಮರಿ ಎಷ್ಟು ದೊಡ್ಡದು ಎಂಬುದರ ಮೇಲೆ ಹೋಗುತ್ತದೆ. "ನಿಮಗೆ ಯಾವ್ದು ಬೇಕೋ ಅದ್ನ ಬರ್ಕಳಿ" ಎಂದು ಗೌಡರು ಉದಾರವಾಗಿ ಬಿಟ್ಟುಕೊಟ್ಟರು.

ಸರ್ಕಾರಕ್ಕೆ ಈ ಉದಾರತೆ ಹಿಡಿಸುವುದಿಲ್ಲ. ಫೆಬ್ರುವರಿ 9ರಿಂದ 28ರವರೆಗೆ ಮನೆಮನೆ ಸುತ್ತಬೇಕು. ಮಾರ್ಚ್ 1ರಿಂದ 5ರವರೆಗೆ ಮತ್ತೊಂದು ಸುತ್ತು ಹೋಗಿ, ನಡುವೆ ಹುಟ್ಟಿದವರನ್ನು ಸೇರಿಸಿ ಸತ್ತವರನ್ನು ಹೊಡೆದುಹಾಕಬೇಕು. ಇಡೀ ದೇಶದ ಲೆಕ್ಕ ಗಕ್ಕನೆ ನಿಲ್ಲುವುದು ಫೆಬ್ರುವರಿ ಮುಗಿದು ಮಾರ್ಚ್ 1 ಹುಟ್ಟುವ ನಡುರಾತ್ರಿಯಲ್ಲಿ. ಇದನ್ನು ನಾನು ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆಯೇ ಗೌಡರಿಗೆ ವಿವರಿಸಿದೆ. ಅವರು ಬಹಳ ಹೊತ್ತು ಯೋಚಿಸಿ, "ಆ ಹೊತ್ನಲ್ಲಿ ನಮ್ಮ ಎಲ್ಡನೇ ಅಳಿಯ ಧರ್ಮಸ್ಥಳದ ಬಸ್ಸಲ್ಲಿರ್ತಾನಲ್ಲ, ಕಂಡಕ್ಟ್ರು. ಅವನು ಯಾವೂರಿಗೆ ಸೇರ್ದ ಹಂಗಾಯ್ತು?" ಎಂದರು. ಅದಕ್ಕೂ ನಿಯಮವಿತ್ತು. ನನಗೆ ಮಾತ್ರ ಆಗ ಅದು ನೆನಪಿಗೆ ಬರಲಿಲ್ಲ.

ಹಿಂದಿನ ಕಾಲದಲ್ಲಿ ಈ ತಾಪತ್ರಯ ಇನ್ನೊಂದು ಬಗೆಯದು. 1881ರಿಂದ 1931ರವರೆಗಿನ ಗಣತಿಗಳು ನಡೆದದ್ದು ಒಂದೇ ರಾತ್ರಿಯಲ್ಲಿ. ಯಾರು ಎಲ್ಲಿದ್ದಾರೋ ಅಲ್ಲೇ ಎಣಿಕೆ. 1901ರಲ್ಲಿ ಮಾರ್ಚ್ 1ರ ರಾತ್ರಿ, 1931ರಲ್ಲಿ ಫೆಬ್ರುವರಿ 26ರ ರಾತ್ರಿ. ಜಾತ್ರೆ, ತೇರು, ಮದುವೆಯ ಗದ್ದಲವಿಲ್ಲದ ದಿನವನ್ನು ಹುಡುಕಿ, ಜೊತೆಗೆ ಗಣತಿಯವನು ಹಳ್ಳಕ್ಕೆ ಬೀಳದಿರುವಷ್ಟು ಬೆಳದಿಂಗಳೂ ಇರಲೆಂದು ನೋಡಿ ತಾರೀಖು ಗೊತ್ತುಮಾಡುತ್ತಿದ್ದರು. ಪಂಚಾಂಗ ಕೈಯಲ್ಲಿ ಹಿಡಿದ ಬ್ರಿಟಿಷ್ ಅಧಿಕಾರಿಯನ್ನು ನೆನೆದರೆ ನನಗೆ ಒಂದು ಬಗೆಯ ಆತ್ಮೀಯತೆ ಹುಟ್ಟುತ್ತದೆ. 1941ರಿಂದ ಆ ಒಂದು ರಾತ್ರಿಯ ಪದ್ಧತಿ ಕೈಬಿಟ್ಟುಹೋಯಿತು. ಆ ರಾತ್ರಿಗಳಲ್ಲಿ ನಮ್ಮೂರಿನ ನಾಯಿಗಳು ಏನು ಮಾಡಿದವು ಎಂಬುದನ್ನು ಯಾವ ವರದಿಯೂ ಹೇಳುವುದಿಲ್ಲ. ನನ್ನ ಗಣತಿಯ ನಾಲ್ಕನೇ ಮನೆಯಲ್ಲಿ ಹಗಲು ಹೊತ್ತಿನಲ್ಲೇ ಒಂದು ಕಂದು ನಾಯಿ ಬಂದು ನಮೂನೆಯ ಮೂಲೆಯೊಂದನ್ನು ಕಚ್ಚಿಕೊಂಡು ಹೋಯಿತು. ನಮೂನೆಯನ್ನು ಮಡಚಬಾರದು, ಒದ್ದೆ ಮಾಡಬಾರದು, ಯಂತ್ರ ಓದುತ್ತದೆ ಎಂದೆಲ್ಲ ತರಬೇತಿಯಲ್ಲಿ ಹೇಳಿದ್ದರು. ನಾಯಿಯ ವಿಷಯ ಹೇಳಿರಲಿಲ್ಲ.

ವಯಸ್ಸಿನ ಕಾಲಮ್ಮು ಇನ್ನೊಂದು ಪೇಚು. ನಮ್ಮ ಕಡೆಯ ಹಿರಿಯರಿಗೆ ಹುಟ್ಟಿದ ತಾರೀಖು ಎನ್ನುವುದು ಶಾಲೆಗೆ ಸೇರುವಾಗ ಮೇಷ್ಟ್ರು ಬರೆದುಕೊಂಡದ್ದು. ಅರ್ಧ ಊರಿಗೆ ಊರು ಜೂನ್ ಒಂದನೇ ತಾರೀಖು ಹುಟ್ಟಿದೆ. ಶಾಲೆಗೇ ಹೋಗದವರಿಗೆ ಆ ಭಾಗ್ಯವೂ ಇಲ್ಲ. ಹೀಗಾಗಿ ಊರಿಗೆಲ್ಲ ಗೊತ್ತಿರುವ ಯಾವುದಾದರೂ ಘಟನೆ ಹಿಡಿದು ವಯಸ್ಸು ಅಳೆಯಬೇಕು. ಗಾಂಧಿ ಸತ್ತಾಗ ನಡೆಯುತ್ತಿದ್ದಿರಾ? ಇಂದಿರಾಗಾಂಧಿ ಚಿಕ್ಕಮಗಳೂರಲ್ಲಿ ಎಲೆಕ್ಷನ್ನಿಗೆ ನಿಂತಾಗ ಎಷ್ಟನೇ ಮಗು? ಒಬ್ಬ ಅಜ್ಜಿ ಎರಡಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಲೆಕ್ಕ ಹಾಕಿದರೆ ಅವರು ತಮ್ಮ ಮಗನಿಗಿಂತ ಎಂಟೇ ವರ್ಷ ದೊಡ್ಡವರಾದರು. ಗಂಡನ ಹೆಸರು ಹೇಳಿ ಎಂದರೆ ಸೆರಗು ಬಾಯಿಗೆ ಅಡ್ಡ ಹಿಡಿದು, "ತಿರುಪತೀಲಿ ಇರೋರು" ಎಂದರು. ನಾನು ವೆಂಕಟಯ್ಯ ಎಂದು ಬರೆದುಕೊಂಡೆ. ಮೂರು ಮನೆ ದಾಟಿದ ಮೇಲೆ ಮೊಮ್ಮಗ ಓಡಿಬಂದು, "ಸಾ, ನಮ್ ತಾತನ ಹೆಸರು ತಿಮ್ಮಯ್ಯ ಅಂತೆ" ಎಂದು ತಿದ್ದಿದ.

ಅದೇ ಅಜ್ಜಿಯ ಹತ್ತಿರ ಇನ್ನೊಂದು ಪ್ರಶ್ನೆ ಕೇಳುವುದಿತ್ತು. ಮದುವೆಯಾದ ಹೆಂಗಸರಿಗೆಂದೇ ನಮೂನೆಯಲ್ಲಿ ಎರಡು ಕಾಲಮ್ಮು: ಈಗ ಬದುಕಿರುವ ಮಕ್ಕಳೆಷ್ಟು, ಒಟ್ಟು ಹೆತ್ತ ಮಕ್ಕಳೆಷ್ಟು. "ಇರೋವು ಮೂರು ಕಣಪ್ಪ. ಹೆತ್ತಿದ್ದು ಎಂಟು" ಎಂದರು. ಮೂರು, ಎಂಟು ಎಂದು ಬರೆದು ಏಳಲು ಹೊರಟೆ. ಅವರು ಬಿಡಲಿಲ್ಲ. ಎಂಟರ ಹೆಸರನ್ನೂ ಒಂದೊಂದಾಗಿ ಹೇಳಿದರು, ಯಾವುದು ಯಾವ ಮಾಸದಲ್ಲಿ ಹುಟ್ಟಿತು, ಯಾವುದಕ್ಕೆ ಏನು ಬಂದು ಹೋಯಿತು ಎಂಬುದರ ಸಮೇತ. ಮೊದಲಿನ ನಾಲ್ಕರಲ್ಲಿ ಒಂದೂ ಉಳಿಯಲಿಲ್ಲ. ಐದನೆಯದನ್ನು ಹುಟ್ಟಿದ ದಿನವೇ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಎಂದು ಕರೆದರು. ತಿಪ್ಪೆಯಲ್ಲಿ ಬಿದ್ದದ್ದನ್ನು ಯಮನೂ ಮುಟ್ಟುವುದಿಲ್ಲ ಎಂಬ ಧೈರ್ಯ. ಆತ ಉಳಿದ. ಆಮೇಲೆ ಹುಟ್ಟಿದ್ದಕ್ಕೆ ಗುಂಡ ಎಂದು ಇಟ್ಟರು, ಅದೂ ಉಳಿಯಿತು. ಮತ್ತೆ ಧೈರ್ಯ ಬಂದು ಒಂದಕ್ಕೆ ಒಳ್ಳೆಯ ಹೆಸರಿಟ್ಟರು, ಅದು ಹೋಯಿತು. ಹೋದವಕ್ಕೆ ನಮೂನೆಯಲ್ಲಿ ಹೆಸರು ಬರೆಯುವ ಜಾಗ ಇರಲಿಲ್ಲ. ಆದರೂ ನಾನು ಪೆನ್ನು ಹಿಡಿದೇ ಕೂತಿದ್ದೆ, ಅವರು ಬರೆದುಕೊಳ್ಳುತ್ತಿದ್ದಾನೆ ಎಂದು ತಿಳಿದಿದ್ದರು.

ಗಣತಿ ಮುಗಿದು ಕೆಲವು ವರ್ಷಕ್ಕೆ ಶಾಲೆಗೆ ನೂರು ತುಂಬಿತು. ಸ್ಮರಣ ಸಂಚಿಕೆ ಆಗಬೇಕು, ಅದರಲ್ಲಿ ಊರಿನ ಇತಿಹಾಸ ಇರಬೇಕು, ಅದನ್ನು ಮೇಷ್ಟ್ರೇ ಬರೆಯಬೇಕು ಎಂದು ತೀರ್ಮಾನವಾಯಿತು. ನೂರು ಮನೆ ಕೂಡ ಇಲ್ಲದ ಊರಿಗೆ ಇತಿಹಾಸ ಎಲ್ಲಿಂದ ತರಲಿ ಎಂದು ನಾನು ಚಿಂತೆಗೆ ಬಿದ್ದರೆ, ಊರಿನವರಿಗೆ ಆ ಚಿಂತೆಯೇ ಇರಲಿಲ್ಲ. ಪಾಂಡವರು ವನವಾಸದಲ್ಲಿ ನಮ್ಮೂರ ಗುಡ್ಡದ ಮೇಲೆ ಮೂರು ದಿನ ತಂಗಿದ್ದರು. ಸೀತಮ್ಮನವರು ಸ್ನಾನ ಮಾಡಿದ ದೊಣೆ ಇದೆ. ಬೇಸಿಗೆಯಲ್ಲೂ ಬತ್ತುವುದಿಲ್ಲ, ಬತ್ತಿದ ವರ್ಷ ಅದರ ಮಾತು ಎತ್ತುವುದಿಲ್ಲ. ಈಶ್ವರನ ಗುಡಿಯನ್ನು ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿದ. ಗೋಪುರ ಮುಗಿಸಬೇಕು ಅನ್ನುವಷ್ಟರಲ್ಲಿ ಕೋಳಿ ಕೂಗಿತು, ಉಳಿ ಕೆಳಗಿಟ್ಟು ಹೋದ. ಕನ್ನಡನಾಡಿನಲ್ಲಿ ಅರ್ಧಕ್ಕೆ ನಿಂತ ಗುಡಿಗಳಿಗೆಲ್ಲ ಇದೇ ಕೋಳಿ ಹೊಣೆ. ನಮ್ಮ ಪಂಚಾಯಿತಿ ಚರಂಡಿಯೂ ಅಂಬೇಡ್ಕರ್ ಕಾಲೋನಿಯ ತಿರುವಿನವರೆಗೆ ಬಂದು ನಿಂತಿದೆ. ಅಲ್ಲಿಯೂ ಕೋಳಿ ಕೂಗಿರಬೇಕು.

ಕಲ್ಲಿನ ಸಾಕ್ಷಿಯೂ ಇತ್ತು. ಬಾವಿಯ ಪಕ್ಕ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಚಪ್ಪಡಿಯನ್ನು ಮಗುಚಿದರೆ ಕೆಳಗೆ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದವನು, ಓಡುವ ದನಗಳು. ನಡುವೆ ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು. ತುರುಗೊಳ್ಳಲು ಬಂದವರ ಮೇಲೆ ಬಿದ್ದು ಸತ್ತವನು ಎಂದು ಗೊತ್ತಾಗುತ್ತದೆ, ಯಾರು ಎಂದು ಗೊತ್ತಾಗುವುದಿಲ್ಲ. ಅಕ್ಷರವಿದ್ದ ಜಾಗ ಸೋಪು ನೀರಿಗೆ ಸವೆದಿತ್ತು. ಬಿ.ಎಲ್. ರೈಸ್ ಸಾಹೇಬರು ಸಂಸ್ಥಾನದ ಶಾಸನಗಳನ್ನು ತಾಲ್ಲೂಕುವಾರು ನಂಬರು ಹಾಕಿ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳಲ್ಲಿ ಅಚ್ಚು ಮಾಡಿಸಿದ್ದಾರೆ. ಅದರಲ್ಲಿ ನಮ್ಮ ಅಕ್ಕಪಕ್ಕದ ಊರುಗಳಿವೆ, ನಮ್ಮೂರಿಲ್ಲ. ಅವರ ಜನ ಬಂದ ದಿನ ಬಾವಿಯ ಹತ್ತಿರ ಬಟ್ಟೆ ಹೆಚ್ಚಿತ್ತು ಎಂದು ನನ್ನ ಊಹೆ.

ಎಲ್ಲ ಹಳ್ಳಿಗೂ ಹಲ್ಮಿಡಿಯ ಅದೃಷ್ಟ ಇರುವುದಿಲ್ಲ. ಬೇಲೂರು ತಾಲ್ಲೂಕಿನ ಆ ಪುಟ್ಟ ಊರಿನಲ್ಲಿ ಎರಡೂವರೆ ಅಡಿ ಎತ್ತರದ ಒಂದು ಕಲ್ಲು ಇತ್ತು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಪ್ರಕಟಿಸಿದ ಮೇಲೆ ಕನ್ನಡದ ವಯಸ್ಸೇ ಬದಲಾಯಿತು. ಹದಿನಾರು ಸಾಲು, ಕ್ರಿ.ಶ. 450ರ ಸುಮಾರಿನದು. ಅದರಲ್ಲಿರುವ ಸಂಗತಿ ಹೊಲಮನೆಯದೇ: ಯುದ್ಧದಲ್ಲಿ ಶೌರ್ಯ ತೋರಿದ ವಿಜಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರನ್ನು ಬಾಳ್ಗಳ್ಚು ಕೊಟ್ಟರು. ಬಾಳ್ಗಳ್ಚು ಎಂದರೆ ರಕ್ತದ ಕತ್ತಿ ತೊಳೆದು ಕೊಡುವ ದಾನ. ಇದು ಕನ್ನಡ ಭಾಷೆಯ ಹುಟ್ಟುಹಬ್ಬದ ಪತ್ರ ಎಂದು ನಾವು ಮೆರೆಸುತ್ತೇವೆ. ಓದಿ ನೋಡಿದರೆ ಅದೊಂದು ಜಮೀನಿನ ಕಾಗದ. ಹದಿನೈದು ನೂರು ವರ್ಷದ ಹಿಂದೆಯೂ ಹಳ್ಳಿಯ ಹೆಸರನ್ನು ಯಾರಾದರೂ ಬರೆಯಬೇಕಾದರೆ ಪಹಣಿಯ ಪ್ರಸಂಗವೇ ಬರಬೇಕಾಗಿತ್ತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಈಚೆಗೆ ಸಿಕ್ಕ ಶಾಸನ 370ರದು, ಇನ್ನೂ ಹಳೆಯದು ಎಂಬ ವಾದ ಎದ್ದಿದೆ. ಹಲ್ಮಿಡಿಯವರು ಅದನ್ನು ಹೇಗೆ ತೆಗೆದುಕೊಂಡರೋ. ನಮ್ಮೂರಿನವರಾಗಿದ್ದರೆ ಇನ್ನೊಂದು ಕಲ್ಲು ಹುಡುಕುತ್ತಿದ್ದರು.

ಕಲ್ಲು ಬಾಯಿ ಬಿಡದಿದ್ದ ಮೇಲೆ ನಾನು ಕಾಗದದ ಕಡೆ ತಿರುಗಿದೆ. ಶಾನುಭೋಗರ ಮನೆಯಲ್ಲಿ ಹಳೆಯ ಲೆಕ್ಕದ ಕಟ್ಟುಗಳಿರುತ್ತವೆ ಎಂದರು. 1961ರ ಕಾಯ್ದೆಯಿಂದ ಶಾನುಭೋಗಿಕೆಯೂ ಪಟೇಲಿಕೆಯೂ ಹೋದವು; ಲೆಕ್ಕದ ಕಟ್ಟುಗಳಲ್ಲಿ ಒಂದಿಷ್ಟು ತಾಲ್ಲೂಕು ಕಚೇರಿ ಸೇರಿದವು, ಒಂದಿಷ್ಟು ಅಟ್ಟ ಸೇರಿದವು, ಅಟ್ಟದ್ದು ಗೆದ್ದಲಿಗೆ ಸೇರಿತು. ಕೊನೆಗೆ ಜಿಲ್ಲಾ ಗ್ರಂಥಾಲಯದಲ್ಲಿ ಹಳೆಯ ಗಣತಿಯ ಅಂಕಿಗಳೇ ಕೈಗೆ ಸಿಕ್ಕವು. ಅಲ್ಲಿಯವರೆಗೆ ನಾನು ತಮಾಷೆಯಾಗಿಯೇ ಇದ್ದೆ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಕಳೆದು 1881ರಲ್ಲಿ 41,86,188. ಕಣ್ಣು ತಪ್ಪಿತೇನೋ ಎಂದು ಇನ್ನೊಮ್ಮೆ ಓದಿದೆ. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಜನ 8,69,224ರಷ್ಟು ಕಡಿಮೆಯಾಗಿದ್ದರು. 1891ಕ್ಕೆ 49,43,604, ಇಪ್ಪತ್ತು ವರ್ಷ ಕಳೆದರೂ ಹಳೆಯ ಲೆಕ್ಕಕ್ಕೆ ಒಂದು ಲಕ್ಷಕ್ಕೂ ಮೇಲೆ ಬಾಕಿ.

ಅದು ಧಾತು ಈಶ್ವರದ ಬರ. ಧಾತು ಸಂವತ್ಸರ, ಅದರ ಮರುವರ್ಷ ಈಶ್ವರ ಸಂವತ್ಸರ, ಇಂಗ್ಲಿಷ್ ಲೆಕ್ಕದಲ್ಲಿ 1876ರಿಂದ 78. ಮಳೆ ಹೋಯಿತು, ಬೆಳೆ ಹೋಯಿತು, ಹಿಂದೆಯೇ ದನ ಹೋದವು, ಆಮೇಲೆ ಜನ. ನಮ್ಮ ಅಜ್ಜಿ ಆ ಬರವನ್ನು ಕಂಡವರಲ್ಲ, ಅವರ ಅಜ್ಜಿಯಿಂದ ಕೇಳಿದವರು. ಆದರೆ ತಟ್ಟೆಯಲ್ಲಿ ಮುದ್ದೆ ಬಿಟ್ಟರೆ "ಧಾತು ಈಸ್ವರದಲ್ಲಿ ಹುಟ್ಬೇಕಾಗಿತ್ತು ನೀನು" ಎಂದು ಬೈಯುತ್ತಿದ್ದರು. ಈಸ್ವರ ಎನ್ನುವುದು ದೇವರ ಹೆಸರು, ಧಾತು ಅವನ ಊರು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಆ ಬೈಗುಳದ ಹಿಂದೆ ಎಂಟು ಲಕ್ಷದ ಅರವತ್ತೊಂಬತ್ತು ಸಾವಿರ ಜನ ಇದ್ದಾರೆ ಎಂದು ತಿಳಿದದ್ದು ಗ್ರಂಥಾಲಯದ ಆ ಮರದ ಬೆಂಚಿನ ಮೇಲೆ. ಆ ಮಧ್ಯಾಹ್ನ ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನವನ್ನು ಒಂದು ಅಗುಳೂ ಬಿಡದೆ ತಿಂದೆ.

ಇನ್ನೊಂದು ಸಂಗತಿ ಸಿಕ್ಕಿದ್ದು ನಾಡಕಚೇರಿಯಲ್ಲಿ. ಗ್ರಾಮನಕ್ಷೆ ನೋಡುತ್ತಿದ್ದಾಗ ನಮ್ಮೂರ ಮೂಡಲಿಗೆ ಒಂದು ಊರು ಕಂಡಿತು. ನಾನು ಹುಟ್ಟಿ ಬೆಳೆದ ಸೀಮೆ, ಆ ದಿಕ್ಕಿನಲ್ಲಿ ಹೊಂಗೆ ಮರ, ಹುರುಳಿ ಹೊಲ ಬಿಟ್ಟರೆ ನಾನು ಏನನ್ನೂ ಕಂಡಿಲ್ಲ. "ಇದು ಯಾವೂರು ಸಾರ್?" ಎಂದರೆ ಗ್ರಾಮ ಆಡಳಿತಾಧಿಕಾರಿ ತಲೆ ಎತ್ತದೆ, "ಅದು ಬೇಚಿರಾಕು" ಎಂದರು. ಬೈದರೇನೋ ಅಂದುಕೊಂಡೆ. ಬೇಚಿರಾಕ್ ಎನ್ನುವುದು ಪಾರಸಿಯಿಂದ ಕಂದಾಯ ಇಲಾಖೆಯ ಬಾಯಿಗೆ ಬಂದ ಮಾತು. ಚಿರಾಗ್ ಎಂದರೆ ದೀಪ, ಬೇ ಎಂದರೆ ಇಲ್ಲದ್ದು. ದೀಪ ಹಚ್ಚುವವರಿಲ್ಲದ ಊರು. ಜನ ಬಿಟ್ಟುಹೋದರೂ ಹೆಸರಿದೆ, ಗಡಿ ಇದೆ, ಸರ್ವೆ ನಂಬರಿದೆ. ಹೊಲಗಳನ್ನು ಸುತ್ತಲಿನ ಊರಿನವರು ಉಳುತ್ತಾರೆ, ಪಹಣಿಯಲ್ಲಿ ಗ್ರಾಮದ ಹೆಸರು ಎಂಬ ಜಾಗದಲ್ಲಿ ಸತ್ತ ಊರಿನ ಹೆಸರೇ ಬರುತ್ತದೆ. 2011ರ ಗಣತಿಯಲ್ಲಿ ಕರ್ನಾಟಕದ ಗ್ರಾಮಗಳು 29,340. ಅದರಲ್ಲಿ ಜನವಿದ್ದವು 27,397. ಉಳಿದ 1,943 ಹೆಸರುಗಳ ಮುಂದೆ ಜನಸಂಖ್ಯೆ ಸೊನ್ನೆ. ಕಂದಾಯ ಇಲಾಖೆಯಷ್ಟು ಕಕ್ಕುಲಾತಿಯಿಂದ ಸತ್ತವರ ಹೆಸರು ಉಳಿಸಿಕೊಂಡವರನ್ನು ನಾನು ಆ ಅಜ್ಜಿಯೊಬ್ಬರನ್ನು ಬಿಟ್ಟರೆ ಬೇರೆ ಕಂಡಿಲ್ಲ.

ನಮ್ಮ ಬೇಚಿರಾಕನ್ನು ನೋಡಲು ಒಂದು ಭಾನುವಾರ ಹೊರಟೆ. (ಹೆಸರು ಬೇಡ. ಗಡಿ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.) ಜೊತೆಗೆ ಬಂದವರು ಅದೇ ಹಗ್ಗ ಹೊಸೆಯುವ ಗೌಡರು. ನೋಡುವುದಕ್ಕೆ ಹೆಚ್ಚೇನೂ ಇಲ್ಲ. ಊರಬಾಗಿಲಿದ್ದ ಕಡೆ ಒಂದು ಕರುಗಲ್ಲು, ತೂತು ಬಿದ್ದ ಒಂದು ಒರಳು, ಕತ್ತಾಳೆ ಮೆಳೆ, ಮಣ್ಣು ತುಂಬಿದ ಬಾವಿ, ತಲೆಬಾಗಿ ಒಳಹೋಗುವಷ್ಟು ಉಳಿದಿರುವ ಆಂಜನೇಯನ ಗುಡಿ. ಊರು ಯಾಕೆ ಹಾಳಾಯಿತು ಎಂದು ಕೇಳಿದೆ. ಬರ ಇರಬಹುದು ಎಂಬುದು ಗ್ರಂಥಾಲಯದಿಂದ ತಂದ ನನ್ನ ಎಣಿಕೆ. ಗೌಡರು ಒಪ್ಪಲಿಲ್ಲ. ಪ್ಲೇಗು ಎಂದರು. ಇಲಿ ಬಿತ್ತೆಂದರೆ ಆಗ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು, ಇವರು ಹಾಗೆ ಹೋದವರು ಹಿಂದಕ್ಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕ ಕುರಿಗಾಹಿ ಇಬ್ಬರನ್ನೂ ಒಪ್ಪಲಿಲ್ಲ. ಒಬ್ಬ ಬಸುರಿಗೆ ಮಜ್ಜಿಗೆ ಇಲ್ಲ ಅಂದರಂತೆ, ಅವಳು ಮಣ್ಣು ತೂರಿ ಶಾಪ ಹಾಕಿದಳಂತೆ. ಮೂರರಲ್ಲಿ ಯಾವುದನ್ನು ಸ್ಮರಣ ಸಂಚಿಕೆಗೆ ಹಾಕುವುದು? ನನಗೆ ಮಜ್ಜಿಗೆಯದೇ ಹಿಡಿಸಿತು. ಕಡೇಪಕ್ಷ ಅದರಲ್ಲಿ ಒಬ್ಬ ಮನುಷ್ಯಳಿದ್ದಾಳೆ.

ಗುಡಿಯೊಳಗೆ ಎಣ್ಣೆ ಜಿಡ್ಡಿನ ಹಣತೆ ಇತ್ತು, ಹೊಸದೇ. ದೀಪವಿಲ್ಲದ ಊರಿನಲ್ಲಿ ದೀಪ ಹಚ್ಚುವವರು ಯಾರು ಎಂದರೆ, ಕಾರ್ತಿಕದ ಕೊನೆಯ ಸೋಮವಾರ ನಮ್ಮೂರಿನವರು. ಆದರೆ ಆಚೆ ಮಗ್ಗುಲಿನ ಊರಿನವರು ಆ ಹಕ್ಕು ತಮ್ಮದು ಎನ್ನುತ್ತಾರೆ. ಊರು ಬಿಟ್ಟವರು ಅವರಲ್ಲಿಗೇ ಹೋಗಿ ಸೇರಿದ್ದು, ಹಾಗಾಗಿ ಆಂಜನೇಯ ಅವರ ಮನೆದೇವರು. ನಮ್ಮವರ ವಾದ ಬೇರೆ: ಊರು ಬಿಟ್ಟವರು ದೇವರನ್ನೂ ಬಿಟ್ಟ ಹಾಗೆ. ಒಂದು ವರ್ಷ ಇಬ್ಬರೂ ಹಚ್ಚಿದರು. ಇನ್ನೊಂದು ವರ್ಷ ಒಬ್ಬರ ದೀಪವನ್ನು ಇನ್ನೊಬ್ಬರು ಆರಿಸಿ, ಪೊಲೀಸಿನವರು ಬಂದು ರಾಜಿ ಮಾಡಿದರು. ಒಂದು ನರಪಿಳ್ಳೆಯೂ ಇಲ್ಲದ ಊರಿಗೆ ಶಾಂತಿಸಭೆ ನಡೆದದ್ದು ಇದೊಂದೇ ಇರಬೇಕು.

ಬರ, ಪ್ಲೇಗು, ಶಾಪ ಇವು ಮೂರೇ ಅಲ್ಲ. ನೀರಿಲ್ಲದೆ ಹಾಳಾದ ಊರುಗಳಿರುವ ಹಾಗೆ ನೀರು ಬಂದು ಹಾಳಾದವೂ ಇವೆ. ಕೃಷ್ಣರಾಜಸಾಗರದ ಕೆಳಗೆ ಮುಳುಗಿದ ಕನ್ನಂಬಾಡಿ ಊರಿನ ಜನ ಬೇರೆ ಕಡೆ ಹೋದರು, ವೇಣುಗೋಪಾಲಸ್ವಾಮಿಯೂ ಎಷ್ಟೋ ಕಾಲದ ಮೇಲೆ ಹೊಸ ಜಾಗಕ್ಕೆ ಹೋದ. ಆದರೂ ಮಂಡ್ಯದ ಕಡೆಯ ರೈತ ಇವತ್ತಿಗೂ ಅಣೆಕಟ್ಟನ್ನು ಕನ್ನಂಬಾಡಿ ಕಟ್ಟೆ ಎಂದೇ ಕರೆಯುತ್ತಾನೆ. ಇನ್ನು, ಈ ಬೇಚಿರಾಕಿಗೆ ನೇರ ಉಲ್ಟಾ ಆದ ಊರುಗಳೂ ನಮ್ಮಲ್ಲಿ ಸಾವಿರಗಟ್ಟಲೆ ಇವೆ. ಲಂಬಾಣಿ ತಾಂಡಾಗಳು, ಗೊಲ್ಲರಹಟ್ಟಿಗಳು. ಅಲ್ಲಿ ಜನ ಇದ್ದಾರೆ, ಒಲೆ ಉರಿಯುತ್ತದೆ, ದೀಪ ಇದೆ, ಮಕ್ಕಳು ಅಳುತ್ತವೆ. ಆದರೆ ಕಂದಾಯದ ಪುಸ್ತಕದಲ್ಲಿ ಅವು ಊರಾಗಿರಲಿಲ್ಲ, ಯಾವುದೋ ಊರಿನ ಸರ್ವೆ ನಂಬರಾಗಿದ್ದವು. ಈಗೀಗ ಅವುಗಳನ್ನು ಕಂದಾಯ ಗ್ರಾಮ ಮಾಡುತ್ತಿದ್ದಾರೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಅಂಥ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರದ ಕಾರ್ಯಕ್ರಮ ನಡೆಯಿತು. ಯಾರೂ ಇಲ್ಲದ ನಮ್ಮ ಮೂಡಲ ಊರಿಗೆ ನಕ್ಷೆ, ಗಡಿಕಲ್ಲು, ನಂಬರು ಎಲ್ಲ ಎಂದಿನಿಂದಲೂ ಇವೆ. ಮೂರು ತಲೆಮಾರು ಮನೆ ಕಟ್ಟಿಕೊಂಡು ಬದುಕಿದವರು ತಮ್ಮ ಮನೆ ತಮ್ಮದು ಎನ್ನುವ ಒಂದು ಹಾಳೆಗೆ 2023ರವರೆಗೆ ಕಾದರು. ಇದನ್ನು ಬರೆಯುವಾಗ ನನಗೆ ನಗು ಬರುತ್ತಿಲ್ಲ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ಹೋಗಿ ಕೂತು ಊರನ್ನು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ, ಅವರು ವರ್ಷಗಟ್ಟಲೆ ಕೂತು ಸಿದ್ಧಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ನೆನಪಿನಿಂದಲೇ ಬರೆದರು, 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಆಯಿತು. ನನ್ನ ಟಿಪ್ಪಣಿಗಳಿಗೆ ಯಾರೂ ಬೆಂಕಿ ಹಚ್ಚಲಿಲ್ಲ. ನಾನು ಸ್ಮರಣ ಸಂಚಿಕೆಗೆ ಹನ್ನೆರಡು ಪುಟ ಕೊಟ್ಟೆ, ಸಮಿತಿಯವರು ಎರಡಕ್ಕೆ ಇಳಿಸಿ ಎಂದರು, ಇಳಿಸಿದೆ. ಅಚ್ಚಿಗೆ ಹೋಗುವ ಹಿಂದಿನ ದಿನ ದಾನಿಗಳೊಬ್ಬರ ಭಾವಚಿತ್ರ ಬಂದು ಅರ್ಧ ಪುಟವಾಯಿತು. ಧಾತು ಈಶ್ವರದ ಬರ ಹೋಯಿತು, ಬೇಚಿರಾಕ್ ಹೋಯಿತು, ಅಜ್ಜಿಯ ಎಂಟು ಮಕ್ಕಳು ಹೋದರು. ಪಾಂಡವರು ಉಳಿದರು. ಜಕಣಾಚಾರಿಯ ಕೋಳಿಯೂ ಉಳಿದಿದೆ.

2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಈಗ 2027ರ ಮಾರ್ಚ್ 1ರ ನಡುರಾತ್ರಿಗೆ ಲೆಕ್ಕ ಎಂದು ಗೊತ್ತಾಗಿದೆ. ಕಾಗದವಿಲ್ಲವಂತೆ, ಮೊಬೈಲಿನಲ್ಲೇ ಬರೆದುಕೊಳ್ಳುತ್ತಾರಂತೆ. ನಾನು ನಿವೃತ್ತನಾಗಿದ್ದೇನೆ, ಈ ಸಲ ಜಗಲಿಯ ಮೇಲೆ ಕೂತು ಉತ್ತರ ಹೇಳುವ ಸರದಿ ನನ್ನದು. ಅಜ್ಜಿ ಹೋಗಿಬಿಟ್ಟರು, ಗೌಡರು ಇದ್ದಾರೆ, ಊಟಕ್ಕೆ ಈಗ ಇಬ್ಬರೇ ಅಂತೆ. ನಿಮ್ಮಲ್ಲಿ ಒಂದು ಕೋರಿಕೆ. ಗಣತಿಯವರು ಬಂದಾಗ ನೀವು ಎಲ್ಲಿ ಊಟ ಮಾಡುತ್ತೀರೋ ಆ ಊರಿನಲ್ಲೇ ಹೆಸರು ಬರೆಸಿ. ಬಂದ ಮೇಷ್ಟರಿಗೆ ಕೂರಲು ಒಂದು ಚಾಪೆ, ಕುಡಿಯಲು ಒಂದು ಲೋಟ ನೀರು ಕೊಡಿ. ನಾಯಿಯನ್ನು ಕಟ್ಟಿಹಾಕಿ.